ಐವತ್ತಮೂರನೆಯವನು

ಜುಲೈ ತಿಂಗಳು ಮುಗಿಯುತ್ತ ಬಂದಿತೆಂದರೆ ಅಮೆರಿಕದ ೩೨ ವೃತ್ತಿಪರ ಫುಟ್ಬಾಲ್ ತಂಡಗಳು ತಮ್ಮ ತಮ್ಮ ತರಬೇತಿ ಶಿಬಿರಗಳ ಬಾಗಿಲು ತೆರೆಯುತ್ತವೆ. ಸಾಧಾರಣವಾಗಿ ಒಂದೊಂದು ಶಿಬಿರಕ್ಕೂ ೯೦ ಮಂದಿ ಬಂದು ಸೇರುತ್ತಾರೆ. ಬೇಸಗೆಯ ಬಿಸಿಲಿನಲ್ಲಿ ನಾಲ್ಕೈದು ವಾರ ಓಡಿ, ಬಿದ್ದು, ಎದ್ದು ಅವರು ಬೆವರಿಳಿಸುತ್ತಿರುವಾಗ, ಮೇಲಿನ ಕೊಠಡಿಯಲ್ಲಿ ಕುಳಿತವರು ಹೆಸರುಗಳನ್ನು ಬರೆಯುತ್ತಲೂ ಅಳಿಸುತ್ತಲೂ ಇರುತ್ತಾರೆ. ೨೦೨೫ರಲ್ಲಿ ಆ ಬರೆದಳಿಸುವ ಕೆಲಸಕ್ಕೆ ಗಡುವು ಆಗಸ್ಟ್ ೨೬, ಮಂಗಳವಾರ, ನ್ಯೂಯಾರ್ಕಿನ ಗಡಿಯಾರದಂತೆ ಸಂಜೆ ೪ ಗಂಟೆ. ಆ ಗಳಿಗೆಗೆ ಪ್ರತಿಯೊಂದು ತಂಡದಲ್ಲಿಯೂ ಉಳಿದಿರಬೇಕಾದವರು ೫೩ ಮಂದಿ. ಮಿಕ್ಕವರ ಲೆಕ್ಕವನ್ನು ಯಾರಾದರೂ ಮಾಡಬಹುದು: ತಂಡಕ್ಕೆ ೩೭ರಂತೆ ೧,೧೮೪ ಮಂದಿ. ಅವರಲ್ಲಿ ಕೆಲವರು ಗಾಯಗೊಂಡವರ ಪಟ್ಟಿಗೆ ಸೇರುವರು. ಹೆಚ್ಚಿನವರು ಚೀಲ ಕಟ್ಟುವರು.

ಈ ತೊಂಬತ್ತು ಮಂದಿಯಲ್ಲಿ ಎಲ್ಲರ ಕಣ್ಣಿಗೂ ಬೀಳುವವರು, ಎಲ್ಲರಿಗಿಂತ ಹೆಚ್ಚು ಆತಂಕಪಡುವವರು ವೈಡ್ ರಿಸೀವರ್ ಎಂಬ ಆಟಗಾರರು. ಅವರ ಪಾಡನ್ನು ತಿಳಿಯಬೇಕಾದರೆ ಆಟವನ್ನು ಸ್ವಲ್ಪ ತಿಳಿದಿರಬೇಕು. ಫುಟ್ಬಾಲ್ ಎಂಬ ಹೆಸರಿಗೆ ಮೋಸಹೋಗಬಾರದು; ಇದು ದುಂಡುಚೆಂಡನ್ನು ಒದೆಯುವ ಆಟವಲ್ಲ. ಇಲ್ಲಿಯ ಚೆಂಡು, ಸುಲಿದ ತೆಂಗಿನಕಾಯಿಯನ್ನು ಎರಡೂ ತುದಿ ಹಿಡಿದು ಎಳೆದಂತಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಇಲ್ಲವೆ ಎಸೆಯಬಹುದು. ಒಂದೊಂದು ಕಡೆಯಲ್ಲಿ ಹನ್ನೊಂದು ಜನ. ನಾಲ್ಕು ಅವಕಾಶಗಳಲ್ಲಿ ಚೆಂಡು ಹತ್ತು ಗಜ ಮುಂದಕ್ಕೆ ಹೋಗಬೇಕು. ಹೋಗದಿದ್ದರೆ ಎದುರಾಳಿಗೆ ಬಿಟ್ಟುಕೊಡಬೇಕು. ನಡುವೆ ನಿಂತು ಚೆಂಡನ್ನೆಸೆಯುವವನು ಕ್ವಾರ್ಟರ್‌ಬ್ಯಾಕ್. ಸಾಲಿನ ತುದಿಯಲ್ಲಿ, ಅಂಗಣದ ಅಂಚಿಗೆ ಸಮೀಪವಾಗಿ ನಿಂತು, ಬಾಣದಂತೆ ಓಡಿ, ಎಸೆದುದನ್ನು ಹಿಡಿಯುವವನು ರಿಸೀವರ್.

ಹಿಡಿಯುವುದು ಹೇಳಿದಷ್ಟು ಸುಲಭವಲ್ಲ. ಅವನು ಓಡಬೇಕಾದ ದಾರಿ ಮೊದಲೇ ಗೊತ್ತಾಗಿರುತ್ತದೆ. ಹತ್ತು ಗಜ ನೇರವಾಗಿ ಓಡಿ ಥಟ್ಟನೆ ಒಳಕ್ಕೆ ತಿರುಗುವುದು, ಹನ್ನೆರಡು ಗಜ ಹೋಗಿ ನಿಂತು ಹಿಂದಿರುಗುವುದು, ಎಲ್ಲಿಯೂ ತಿರುಗದೆ ಕೊನೆಯವರೆಗೂ ಓಡುವುದು. ಇಂತಹ ಹತ್ತಾರು ದಾರಿಗಳು. ಅವನು ತಿರುಗುವ ಮೊದಲೇ ಚೆಂಡು ಕೈಬಿಟ್ಟಿರುತ್ತದೆ. ಒಂದು ಹೆಜ್ಜೆ ತಡವಾದರೆ ಚೆಂಡು ಎದುರಾಳಿಯ ಪಾಲು. ಅಂಚಿನಲ್ಲಿ ಹಿಡಿದಾಗ ಎರಡು ಪಾದಗಳೂ ಗೆರೆಯ ಒಳಗೆ ನೆಲ ಮುಟ್ಟಿರಬೇಕು. ಹೆಬ್ಬೆರಳ ತುದಿ ಗೆರೆಯನ್ನು ಸೋಕಿದರೂ ಹಿಡಿದದ್ದೆಲ್ಲ ನೀರಿನಲ್ಲಿ ಹೋಮ. ಇಷ್ಟನ್ನೂ ಮಾಡುವಾಗ ತನ್ನಷ್ಟೇ ವೇಗದ ಮತ್ತೊಬ್ಬನು ಮೈಗೆ ಮೈ ತಾಗಿಸಿ ಓಡುತ್ತಿರುತ್ತಾನೆ.

ಶಿಬಿರಕ್ಕೆ ಬರುವ ತೊಂಬತ್ತರಲ್ಲಿ ರಿಸೀವರುಗಳು ಹತ್ತರಿಂದ ಹನ್ನೆರಡು ಮಂದಿ. ಕೊನೆಗೆ ಉಳಿಯುವವರು ಐದು, ಹೆಚ್ಚೆಂದರೆ ಆರು. ಏಳು ಮಂದಿಯನ್ನು ಇಟ್ಟುಕೊಳ್ಳುವ ತಂಡ ಅಪರೂಪ. ಇವರಲ್ಲಿ ಮೊದಲ ಮೂವರ ಹೆಸರು ಶಿಬಿರ ತೆರೆಯುವ ಮೊದಲೇ ನಿಶ್ಚಯವಾಗಿರುತ್ತದೆ. ಒಬ್ಬನಿಗೆ ತಂಡವು ಕೋಟಿಗಟ್ಟಲೆ ಹಣ ಕೊಡಲು ಒಪ್ಪಿರುತ್ತದೆ. ಮತ್ತೊಬ್ಬನನ್ನು ಡ್ರಾಫ್ಟ್ ಎಂಬ ವಾರ್ಷಿಕ ಆಯ್ಕೆಯ ಮೊದಲ ಸುತ್ತುಗಳಲ್ಲಿ ಆರಿಸಿಕೊಂಡಿರುತ್ತದೆ. ಅಂತಹವನು ಶಿಬಿರದಲ್ಲಿ ನಾಲ್ಕು ಚೆಂಡು ಕೈಬಿಟ್ಟರೂ ಅವನ ಆಸನ ಅಲುಗದು. ಏಳು ಸುತ್ತುಗಳ ಡ್ರಾಫ್ಟ್‌ನಲ್ಲಿ ಯಾರೂ ಕೂಗದೆ ಬಿಟ್ಟ ಹುಡುಗನು ಒಂದನ್ನು ಕೈಬಿಟ್ಟರೆ ಅಂದಿನ ರಾತ್ರಿ ಅವನಿಗೆ ನಿದ್ದೆ ಬಾರದು. ಆದುದರಿಂದ ನಿಜವಾದ ಸ್ಪರ್ಧೆ ನಡೆಯುವುದು ಉಳಿದ ಎರಡು ಮೂರು ಸ್ಥಾನಗಳಿಗೆ, ಏಳೆಂಟು ಜನರ ನಡುವೆ.

ಈ ಸ್ಪರ್ಧೆಯಲ್ಲಿ ನ್ಯಾಯದ ತಕ್ಕಡಿ ಅಷ್ಟೇನೂ ನೇರವಾಗಿಲ್ಲ. ಅಭ್ಯಾಸದಲ್ಲಿ ಪ್ರತಿಯೊಬ್ಬನಿಗೂ ದೊರೆಯುವ ಸರದಿಗಳಿಗೆ ಮಿತಿಯುಂಟು. ಪಟ್ಟಿಯ ಮೇಲಿನವರಿಗೆ ಹೆಚ್ಚು, ಕೆಳಗಿನವರಿಗೆ ಕಡಿಮೆ. ಆಗಸ್ಟ್ ತಿಂಗಳಿನಲ್ಲಿ ನಡೆಯುವ ಮೂರು ಅಭ್ಯಾಸ ಪಂದ್ಯಗಳಲ್ಲಿಯೂ ಹೀಗೆಯೇ. ಕೆಳಗಿನವನು ಅಂಗಣಕ್ಕೆ ಇಳಿಯುವಾಗ ಪ್ರೇಕ್ಷಕರಲ್ಲಿ ಅನೇಕರು ಮನೆಯ ದಾರಿ ಹಿಡಿದಿರುತ್ತಾರೆ; ಅವನಿಗೆ ಚೆಂಡನ್ನೆಸೆಯುವವನೂ ತಂಡದ ಮೂರನೆಯ ಕ್ವಾರ್ಟರ್‌ಬ್ಯಾಕ್. ಎಸೆತ ತಲೆಯ ಮೇಲೆ ಹೋದರೆ ತಪ್ಪು ಎಸೆದವನದು, ನಷ್ಟ ಹಿಡಿಯಬೇಕಾದವನದು. ಇದರ ಜೊತೆಗೆ ಗಾಯದ ಭಯ. ತೊಡೆಯ ಹಿಂಬದಿಯ ಸ್ನಾಯು ಸೆಳೆದುಕೊಂಡರೆ ಎರಡು ಮೂರು ವಾರ ಓಡುವಂತಿಲ್ಲ. ಶಿಬಿರವೇ ನಾಲ್ಕೈದು ವಾರದ್ದು. ನೋವಿಗೆ ತಣ್ಣೀರ ತೊಟ್ಟಿಯಲ್ಲಿ ಕುಳಿತವನು ತಂಡ ಸೇರಲಾರ ಎಂಬ ಗಾದೆಯೇ ಅಮೆರಿಕದ ಫುಟ್ಬಾಲಿಗರಲ್ಲಿದೆ. ನೋವನ್ನು ಮುಚ್ಚಿಟ್ಟುಕೊಂಡು ಓಡುವ ಹುಡುಗರನ್ನು ಈ ಗಾದೆಯೇ ತಯಾರಿಸಿರಬೇಕು.

ಒಮ್ಮೊಮ್ಮೆ ಒಂದು ರಾತ್ರಿಯಲ್ಲಿಯೇ ಭಾಗ್ಯ ತೆರೆಯುವುದೂ ಉಂಟು. ನ್ಯೂಜೆರ್ಸಿಯ ಪ್ಯಾಟರ್ಸನ್ ಎಂಬ ಊರಿನ ವಿಕ್ಟರ್ ಕ್ರೂಸ್‌ನನ್ನು ೨೦೧೦ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ. ನ್ಯೂಯಾರ್ಕ್ ಜಯಂಟ್ಸ್ ತಂಡದ ಶಿಬಿರಕ್ಕೆ ಬಂದ ಆತನು ಆಗಸ್ಟ್ ತಿಂಗಳ ಒಂದು ಅಭ್ಯಾಸ ಪಂದ್ಯದಲ್ಲಿ, ಅದೇ ಊರಿನ ಜೆಟ್ಸ್ ತಂಡದ ಎದುರು, ಮೂರು ಸಲ ಚೆಂಡನ್ನು ಗುರಿಗೆರೆಯಾಚೆಗೆ ಒಯ್ದನು. ತಂಡದಲ್ಲಿ ಸ್ಥಾನ ದೊರೆಯಿತು. ಆದರೆ ನಿಜವಾದ ಪಂದ್ಯಗಳು ಆರಂಭವಾದ ಮೇಲೆ ಆ ವರ್ಷ ಒಂದು ಚೆಂಡನ್ನೂ ಹಿಡಿಯದೆಯೇ ಗಾಯಗೊಂಡು ಮೂಲೆ ಸೇರಿದನು. ಮರುವರ್ಷ ೧,೫೩೬ ಗಜ ಗಳಿಸಿದನು. ಜಯಂಟ್ಸ್ ತಂಡ ಆ ಋತುವಿನ ಸೂಪರ್ ಬೌಲ್ ಗೆದ್ದಿತು. ಇಂತಹ ಕಥೆಗಳನ್ನು ಪತ್ರಿಕೆಗಳು ಪ್ರೀತಿಯಿಂದ ಬರೆಯುತ್ತವೆ. ಶಿಬಿರಗಳಲ್ಲಿರುವ ಹುಡುಗರು ಅವನ್ನು ಇನ್ನೂ ಹೆಚ್ಚು ಪ್ರೀತಿಯಿಂದ ಓದುತ್ತಾರೆ.

ಆದರೆ ಕೊನೆಯ ಸ್ಥಾನವು ಚೆಂಡು ಹಿಡಿಯುವುದರಿಂದ ದೊರೆಯುವುದು ಬಹಳ ಕಡಿಮೆ. ಹೊರಗಿನವರಿಗೆ ವಿಚಿತ್ರವಾಗಿ ತೋರುವ ಸಂಗತಿಯಿದು. ಐದನೆಯ, ಆರನೆಯ ರಿಸೀವರಿಗೆ ಪಂದ್ಯದಲ್ಲಿ ಚೆಂಡು ಬರುವುದೇ ಅಪರೂಪ. ಪಂದ್ಯದ ದಿನ ಐವತ್ತಮೂರು ಮಂದಿಯೂ ಉಡುಪು ತೊಡುವಂತಿಲ್ಲ. ಹೆಚ್ಚೆಂದರೆ ೪೮ ಮಂದಿಗೆ ಮಾತ್ರ ಅವಕಾಶ. ಸುಮ್ಮನೆ ಕುಳಿತಿರುವವನಿಗೆ ಅಲ್ಲಿ ಜಾಗವೆಲ್ಲಿ? ಆದುದರಿಂದ ತರಬೇತುದಾರನು ಆರನೆಯವನನ್ನು ಕೇಳುವ ಪ್ರಶ್ನೆಯೇ ಬೇರೆ: ಹಿಡಿಯಬಲ್ಲೆ, ಸರಿ, ಮತ್ತೇನು ಮಾಡಬಲ್ಲೆ? ಅವನ ಎದುರಾಳಿಗಳು ಉಳಿದ ರಿಸೀವರುಗಳು ಮಾತ್ರವಲ್ಲ. ಅದೇ ಒಂದು ಜಾಗಕ್ಕೆ ಹತ್ತನೆಯ ಕಾವಲುಗಾರನೊಬ್ಬ, ನಾಲ್ಕನೆಯ ಓಟಗಾರನೊಬ್ಬ ಕಾದಿರುತ್ತಾನೆ.

‘ಮತ್ತೇನು’ ಎಂಬುದರ ಉತ್ತರ ಇರುವುದು ಚೆಂಡನ್ನು ಕಾಲಿನಿಂದ ಒದೆಯುವ ಸಂದರ್ಭಗಳಲ್ಲಿ. ಹತ್ತು ಗಜ ಸಾಗಲಾರದ ತಂಡವು ಚೆಂಡನ್ನು ದೂರಕ್ಕೆ ಒದ್ದುಬಿಡುತ್ತದೆ; ಇದಕ್ಕೆ ಪಂಟ್ ಎಂದು ಹೆಸರು. ಆಗ ಎರಡು ಅಂಚುಗಳಿಂದ ಇಬ್ಬರು ಪ್ರಾಣಬಿಟ್ಟು ಓಡಿ, ನಲವತ್ತು ಐವತ್ತು ಗಜದಾಚೆ ಚೆಂಡಿಗಾಗಿ ಕಾದು ನಿಂತವನನ್ನು ಕೆಡವಬೇಕು. ಈ ಇಬ್ಬರಿಗೆ ಗನ್ನರ್ ಎನ್ನುವರು. ಒಬ್ಬೊಬ್ಬ ಗನ್ನರನನ್ನು ತಡೆಯಲು ಎದುರು ಕಡೆಯಿಂದ ಅನೇಕ ವೇಳೆ ಇಬ್ಬಿಬ್ಬರು ನಿಂತಿರುತ್ತಾರೆ. ಕಾಲೇಜಿನಲ್ಲಿ ನಾಯಕನಟನಾಗಿ ಮೆರೆದು ಬಂದ ರಿಸೀವರನಿಗೆ ಈ ಕೆಲಸ ಮೊದಲಿಗೆ ಕೂಲಿಯಂತೆ ಕಾಣುವುದು ಸಹಜ. ಒಪ್ಪಿಕೊಂಡವನು ಉಳಿಯುತ್ತಾನೆ.

ಮ್ಯಾಥ್ಯೂ ಸ್ಲೇಟರ್ ಹೀಗೆ ಉಳಿದವನು. ೨೦೦೮ರ ಡ್ರಾಫ್ಟ್‌ನ ಐದನೆಯ ಸುತ್ತಿನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಆತನನ್ನು ಆರಿಸಿತು. ಪಟ್ಟಿಯಲ್ಲಿ ಆತನ ಹೆಸರಿನ ಮುಂದೆ ‘ವೈಡ್ ರಿಸೀವರ್’ ಎಂದೇ ಬರೆದಿತ್ತು. ಹದಿನಾರು ಋತುಗಳವರೆಗೆ ಹಾಗೆಯೇ ಬರೆದಿತ್ತು. ಆ ಹದಿನಾರು ಋತುಗಳ ಲೀಗ್ ಪಂದ್ಯಗಳಲ್ಲಿ ಆತನು ಹಿಡಿದ ಚೆಂಡು ಒಂದೇ ಒಂದು, ೨೦೧೧ರಲ್ಲಿ, ೪೬ ಗಜದ್ದು. ಆದರೂ ವರ್ಷದ ಶ್ರೇಷ್ಠ ಆಟಗಾರರಿಗೆ ಸಲ್ಲುವ ಪ್ರೊ ಬೌಲ್ ಗೌರವಕ್ಕೆ ಆತನು ಹತ್ತು ಸಲ ಪಾತ್ರನಾದನು. ಮೂರು ಸೂಪರ್ ಬೌಲ್ ಗೆದ್ದ ತಂಡಗಳಲ್ಲಿದ್ದನು. ಇವೆಲ್ಲವೂ ಒದ್ದ ಚೆಂಡಿನ ಹಿಂದೆ ಓಡಿದ್ದಕ್ಕೆ. ಅವನಿಗಿಂತ ಹಿಂದೆ ಸ್ಟೀವ್ ಟಾಸ್ಕರ್ ಎಂಬಾತನೂ ಇದೇ ದಾರಿ ಹಿಡಿದಿದ್ದನು. ೧೯೮೬ರಲ್ಲಿ ಹ್ಯೂಸ್ಟನ್ ತಂಡವು ಬೇಡವೆಂದು ಬಿಟ್ಟ ಅವನನ್ನು ಬಫಲೊ ಬಿಲ್ಸ್ ಎತ್ತಿಕೊಂಡಿತು. ಅಲ್ಲಿ ಅವನು ಏಳು ಸಲ ಪ್ರೊ ಬೌಲ್ ಸೇರಿದನು. ಬಿಟ್ಟವರು ಕೈ ಹಿಸುಕಿಕೊಂಡಿರಬೇಕು.

ಇನ್ನು ಗಡುವಿನ ದಿನ. ತಂಡದ ನೌಕರನೊಬ್ಬನು ಆಟಗಾರನ ಬಳಿಗೆ ಬಂದು, ಮುಖ್ಯ ತರಬೇತುದಾರರು ಕರೆಯುತ್ತಿದ್ದಾರೆ, ಆಟದ ಪುಸ್ತಕವನ್ನು ಜೊತೆಗೆ ತರಬೇಕಂತೆ ಎಂದು ತಿಳಿಸುತ್ತಾನೆ. ಅಷ್ಟು ಸಾಕು. ಪುಸ್ತಕವನ್ನು ತರಲು ಹೇಳಿದರೆಂದರೆ ಹಿಂದಕ್ಕೆ ಒಪ್ಪಿಸಲು ಹೇಳಿದರೆಂದೇ ಅರ್ಥ. ಈಗ ಪುಸ್ತಕದ ಬದಲು ಟ್ಯಾಬ್ಲೆಟ್ ಬಂದಿದೆ, ಅರ್ಥ ಬದಲಾಗಿಲ್ಲ. ಈ ಸುದ್ದಿ ತರುವವನಿಗೆ ಆಟಗಾರರು ‘ಟರ್ಕ್’ ಎಂದು ಹೆಸರಿಟ್ಟಿದ್ದಾರೆ. ಆ ದಿನಗಳಲ್ಲಿ ಅವನು ಊಟದ ಮನೆಗೆ ಬಂದರೂ ತಟ್ಟೆಗಳ ಸದ್ದು ನಿಂತುಹೋಗುವುದಂತೆ.

ಬಿಟ್ಟುಕೊಡುವುದರಲ್ಲಿಯೂ ಚದುರಂಗದಾಟ ಉಂಟು. ನಾಲ್ಕು ಋತುಗಳ ಅನುಭವವಿಲ್ಲದ ಆಟಗಾರನನ್ನು ತಂಡ ಬಿಟ್ಟರೆ, ಅವನು ಕೂಡಲೇ ಸ್ವತಂತ್ರನಾಗುವುದಿಲ್ಲ. ಉಳಿದ ೩೧ ತಂಡಗಳು ಸುಮಾರು ಒಂದು ದಿನದೊಳಗೆ ಅವನನ್ನು ಕೇಳಬಹುದು. ಇದು ವೇವರ್ ಎಂಬ ಪದ್ಧತಿ. ಹಿಂದಿನ ಋತುವಿನಲ್ಲಿ ಹೀನಾಯವಾಗಿ ಸೋತ ತಂಡಕ್ಕೆ ಇಲ್ಲಿ ಮೊದಲ ಹಕ್ಕು. ಯಾರೂ ಕೇಳದಿದ್ದರೆ ಅವನು ಎಲ್ಲಿಗೆ ಬೇಕಾದರೂ ಹೋಗಬಹುದು. ಬಹುಮಟ್ಟಿಗೆ ಹಳೆಯ ತಂಡವೇ ಅವನನ್ನು ಪ್ರಾಕ್ಟೀಸ್ ಸ್ಕ್ವಾಡ್ ಎಂಬ ಹದಿನಾರು ಜನರ ಅಭ್ಯಾಸದ ಗುಂಪಿಗೆ ಕರೆದುಕೊಳ್ಳುತ್ತದೆ. ತನ್ನಲ್ಲಿರುವ ಒಬ್ಬ ಹುಡುಗನು ನೆರೆಯವರ ಕಣ್ಣಿಗೆ ಬೀಳದಿರಲೆಂದು ಕೊನೆಯ ಅಭ್ಯಾಸ ಪಂದ್ಯದಲ್ಲಿ ಅವನನ್ನು ಆಡಿಸದೆ ಬಚ್ಚಿಡುವ ತಂಡಗಳೂ ಉಂಟು. ಪಾಪ, ಬೆಂಚಿನ ಮೇಲೆ ಕುಳಿತ ಹುಡುಗನಿಗೆ ಮಾತ್ರ ತಾನು ಯಾರಿಗೂ ಬೇಡವಾದವನೋ, ಬಚ್ಚಿಡಬೇಕಾದ ಒಡವೆಯೋ ಗೊತ್ತಾಗುವುದಿಲ್ಲ.

ಎರಡರ ನಡುವಿನ ಅಂತರ ಹಣದಲ್ಲಿಯೂ ಕಾಣುತ್ತದೆ. ೨೦೨೫ರಲ್ಲಿ ಐವತ್ತಮೂರರೊಳಗಿನ ಹೊಸಬನಿಗೆ ವರ್ಷದ ಕನಿಷ್ಠ ಸಂಬಳ ೮,೪೦,೦೦೦ ಡಾಲರ್. ಋತುವಿನ ಹದಿನೆಂಟು ವಾರಗಳಿಗೆ ಹಂಚಿದರೆ ವಾರಕ್ಕೆ ೪೬,೦೦೦ಕ್ಕೂ ಹೆಚ್ಚು. ಅಭ್ಯಾಸದ ಗುಂಪಿನ ಹೊಸಬನಿಗೆ ವಾರಕ್ಕೆ ೧೩,೦೦೦. ಅದೂ ಕಡಿಮೆಯಲ್ಲವೆಂದು ಬೇರೆ ದುಡಿಮೆಯವರಿಗೆ ತೋರೀತು, ನಿಜ. ಆದರೆ ಅಲ್ಲಿರುವವನನ್ನು ಯಾವ ವಾರ ಬೇಕಾದರೂ ಕಳುಹಿಸಿಬಿಡಬಹುದು. ಐವತ್ತಮೂರರೊಳಗೆ ಸೇರಿದವನಿಗೂ ಪೂರ್ಣ ನೆಮ್ಮದಿಯಿಲ್ಲ. ವೆಸ್ ವೆಲ್ಕರ್ ಎಂಬ ಕುಳ್ಳ ಆಟಗಾರನು ೨೦೦೪ರಲ್ಲಿ ಸ್ಯಾನ್ ಡಿಯಾಗೊದ ಶಿಬಿರದಲ್ಲಿ ಗೆದ್ದು ಸ್ಥಾನ ಪಡೆದನು. ಮೊದಲ ಪಂದ್ಯ ಮುಗಿಯುತ್ತಲೇ ತಂಡ ಅವನನ್ನು ಬಿಟ್ಟುಬಿಟ್ಟಿತು. ಮುಂದೆ ಪೇಟ್ರಿಯಟ್ಸ್ ತಂಡದಲ್ಲಿ ಅವನು ಐದು ಋತುಗಳಲ್ಲಿ ನೂರಕ್ಕಿಂತ ಹೆಚ್ಚು ಚೆಂಡುಗಳನ್ನು ಹಿಡಿದನು.

ಈ ಎಲ್ಲ ಮೆಟ್ಟಿಲುಗಳನ್ನೂ ಒಂದೊಂದಾಗಿ ಹತ್ತಿದವನು ಆಡಮ್ ಥೀಲನ್. ಮಿನ್ನೆಸೋಟ ರಾಜ್ಯದ ಡೆಟ್ರಾಯಿಟ್ ಲೇಕ್ಸ್ ಎಂಬ ಸಣ್ಣ ಊರಿನವನು. ದೊಡ್ಡ ವಿಶ್ವವಿದ್ಯಾಲಯಗಳು ಕಣ್ಣೆತ್ತಿ ನೋಡದಿದ್ದುದರಿಂದ ಮ್ಯಾಂಕೇಟೊ ನಗರದ ಮಿನ್ನೆಸೋಟ ಸ್ಟೇಟ್ ವಿಶ್ವವಿದ್ಯಾಲಯ ಸೇರಿದನು. ಅಲ್ಲಿ ದೊರೆತ ವಿದ್ಯಾರ್ಥಿವೇತನ ೫೦೦ ಡಾಲರ್ ಮಾತ್ರ. ಆ ವಿಶ್ವವಿದ್ಯಾಲಯದ ಮೈದಾನಗಳಲ್ಲಿಯೇ ಮಿನ್ನೆಸೋಟ ವೈಕಿಂಗ್ಸ್ ತಂಡವು ೧೯೬೬ರಿಂದ ಬೇಸಗೆಯ ಶಿಬಿರ ಹೂಡುತ್ತಿತ್ತು. ೨೦೧೩ರ ಡ್ರಾಫ್ಟ್‌ನಲ್ಲಿ ಥೀಲನ್‌ನ ಹೆಸರನ್ನು ಯಾರೂ ಕೂಗಲಿಲ್ಲ. ವೈಕಿಂಗ್ಸ್ ತಂಡ ಒಪ್ಪಂದವನ್ನೂ ಕೊಡದೆ, ಬಂದು ಪರೀಕ್ಷೆ ಕೊಡಬಹುದು ಎಂದು ಮಾತ್ರ ಕರೆಯಿತು. ಪರೀಕ್ಷೆಯಲ್ಲಿ ಗೆದ್ದು ಶಿಬಿರ ಸೇರಿದನು. ತಾನು ಓದಿದ ಕಾಲೇಜಿನ ಹುಲ್ಲಿನ ಮೇಲೆಯೇ, ತನ್ನ ಊರಿನವರ ಮುಂದೆಯೇ, ಐವತ್ತಮೂರರ ಪಟ್ಟಿಗಾಗಿ ಓಡಿದನು. ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ.

ಬಿಟ್ಟಾಗ ಬೇರೆ ಯಾವ ತಂಡವೂ ಅವನನ್ನು ಕೇಳಲಿಲ್ಲ. ೨೦೧೩ರ ಇಡೀ ಋತುವನ್ನು ಅವನು ಅಭ್ಯಾಸದ ಗುಂಪಿನಲ್ಲಿ ಕಳೆದನು. ಆ ಗುಂಪಿನ ರಿಸೀವರನ ಕೆಲಸವೆಂದರೆ ಮುಂದಿನ ವಾರದ ಎದುರಾಳಿ ತಂಡದ ಪ್ರಸಿದ್ಧ ರಿಸೀವರನ ವೇಷ ಹಾಕುವುದು. ಅವನಂತೆ ಓಡಿ, ಅವನಂತೆ ತಿರುಗಿ, ತನ್ನ ತಂಡದ ರಕ್ಷಕರಿಗೆ ಅಭ್ಯಾಸ ಮಾಡಿಸುವುದು. ಭಾನುವಾರ ನಿಜವಾದ ಪಂದ್ಯ ನಡೆಯುವಾಗ ಅವನು ಪ್ರೇಕ್ಷಕ. ೨೦೧೪ರ ಶಿಬಿರದಲ್ಲಿ ಮತ್ತೆ ಓಡಿದನು. ಈ ಸಲ ಹೆಸರು ಬಂತು. ಅದು ಬಂದದ್ದು ಬಹುಮಟ್ಟಿಗೆ ಒದೆತದ ಆಟಗಳಲ್ಲಿ ಅವನು ತೋರಿದ ಶ್ರದ್ಧೆಯಿಂದ. ಆ ವರ್ಷದ ನವೆಂಬರ್ ೩೦ರಂದು, ಮಿನ್ನಿಯಾಪೊಲಿಸ್‌ನ ಕೊರೆಯುವ ಚಳಿಯಲ್ಲಿ, ಕ್ಯಾರೊಲಿನಾ ತಂಡದವನು ಪಂಟ್ ಒದೆಯುತ್ತಿದ್ದಂತೆ ಥೀಲನ್ ನುಗ್ಗಿ ಕೈಯೊಡ್ಡಿ ಚೆಂಡನ್ನು ತಡೆದನು. ಪುಟಿದ ಚೆಂಡನ್ನು ತಾನೇ ಎತ್ತಿಕೊಂಡು ೩೦ ಗಜ ಓಡಿ ಗುರಿಗೆರೆ ದಾಟಿದನು. ಲೀಗ್ ಪಂದ್ಯಗಳಲ್ಲಿ ಆ ರಿಸೀವರನು ಗಳಿಸಿದ ಮೊದಲ ಟಚ್‌ಡೌನ್ ಅದು. ಯಾರೂ ಅವನಿಗೆ ಚೆಂಡನ್ನು ಎಸೆದಿರಲಿಲ್ಲ.

ವೈಕಿಂಗ್ಸ್ ತಂಡ ಮ್ಯಾಂಕೇಟೊದಲ್ಲಿ ೨೦೧೭ರವರೆಗೆ ಶಿಬಿರ ನಡೆಸಿ, ೨೦೧೮ರಲ್ಲಿ ಈಗನ್ ಎಂಬಲ್ಲಿ ಕಟ್ಟಿಸಿದ ಸ್ವಂತ ಮೈದಾನಗಳಿಗೆ ಹೋಯಿತು. ಆ ವರ್ಷದ ಮೊದಲ ಎಂಟು ಪಂದ್ಯಗಳಲ್ಲಿ ಪ್ರತಿಯೊಂದರಲ್ಲಿಯೂ ಥೀಲನ್ ನೂರು ಅಥವಾ ಹೆಚ್ಚು ಗಜ ಗಳಿಸಿ, ಸತತ ಎಂಟು ಪಂದ್ಯಗಳ ದಾಖಲೆಯಲ್ಲಿ ಕ್ಯಾಲ್ವಿನ್ ಜಾನ್ಸನ್‌ನ ಸಮಕ್ಕೆ ನಿಂತನು. ಋತು ಮುಗಿದಾಗ ಅವನು ಹಿಡಿದಿದ್ದ ಚೆಂಡುಗಳು ೧೧೩.