ಹಸುವಿನ ತೇಗು, ಗದ್ದೆಯ ನೀರು

ಭಾರತದ ಬೇಸಾಯದಿಂದ ವಾಯುಮಂಡಲವನ್ನು ಸೇರುವ ಮೀಥೇನ್ ಅನಿಲದ ಬಹುಭಾಗವು ಹಸು ಎಮ್ಮೆಗಳ ಜಠರದಲ್ಲಿ ಒಣಹುಲ್ಲು ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಜೀರ್ಣವಾಗುವಾಗ ಹುಟ್ಟಿ, ಮೆಲುಕಿನ ನಡುವೆ ತೇಗಾಗಿ ಹೊರಬೀಳುತ್ತದೆಂಬುದು ನಿರ್ವಿವಾದ. (ಪತ್ರಿಕೆಗಳ ವ್ಯಂಗ್ಯಚಿತ್ರಕಾರರು ಮಾತ್ರ ಪಶುವಿನ ಮತ್ತೊಂದು ಕಡೆಯನ್ನೇ ತೋರಿಸುತ್ತಾರೆ.) ಆದರೆ 1951ರಲ್ಲಿ ಸುಮಾರು 20 ಕೋಟಿಯಷ್ಟಿದ್ದ ದನ ಎಮ್ಮೆಗಳು 2019ರ ಗಣತಿಗೆ 30 ಕೋಟಿಯಾದುವಷ್ಟೆ, ವರ್ಷಕ್ಕೆ 1.7 ಕೋಟಿ ಟನ್ನಿದ್ದ ಹಾಲಾದರೋ ಅಷ್ಟರಲ್ಲಿ ಹತ್ತು ಮಡಿಗಿಂತಲೂ ಮಿಗಿಲಾಯಿತು. ಮಿಶ್ರತಳಿಯ ದೊಡ್ಡ ಹಸು ಹೆಚ್ಚು ತಿಂದು ಹೆಚ್ಚು ತೇಗುವುದಾದರೂ, ಲೀಟರೊಂದರ ಪಾಲಿಗೆ ಬರುವ ಅನಿಲ ಬಹಳ ಇಳಿದಿದೆ. ಆದುದರಿಂದ 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ, 2030ರೊಳಗೆ ಜಗತ್ತಿನ ಮೀಥೇನನ್ನು ಶೇಕಡ 30ರಷ್ಟು ತಗ್ಗಿಸುವ ಪ್ರತಿಜ್ಞೆಗೆ ಭಾರತವು ಸಹಿ ಹಾಕದಿದ್ದುದನ್ನು ನಾನು ಆಕ್ಷೇಪಿಸಲಾರೆ.

ನನ್ನ ಆಕ್ಷೇಪಣೆಯಿರುವುದು ನೀರು ನಿಂತ ಭತ್ತದ ಗದ್ದೆಯಿಂದೇಳುವ ಮೀಥೇನಿನ ವಿಷಯದಲ್ಲಿ. ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ, ತೂತುಕೊಳವೆಯೊಂದನ್ನು ಹೂತು, ಅದರೊಳಗಿನ ನೀರು ನೆಲಮಟ್ಟದಿಂದ ಅರ್ಧ ಅಡಿ ಇಳಿದ ಮೇಲೆಯೇ ಮತ್ತೆ ಹಾಯಿಸಿದರೆ, ಇಳುವರಿಗೆ ಹೆಚ್ಚಿನ ಕುಂದಿಲ್ಲದೆ ಮೀಥೇನ್ ಅರ್ಧದಷ್ಟು ತಗ್ಗೀತು. ತುಂಗಭದ್ರೆಯ ಕಾಲುವೆಯ ಕೊನೆಯಂಚಿನ ರೈತನಿಗೆ ಇದನ್ನು ಬೋಧಿಸುವುದು ಸುಲಭ. ಆದರೆ ಮುಂದಿನ ಸರದಿಯ ನೀರು ಬಂದೇ ಬರುವುದೆಂಬ ಭರವಸೆಯನ್ನು ಅವನಿಗೆ ಮೊದಲು ಕೊಡತಕ್ಕವರು ಕಾಲುವೆಯನ್ನು ಆಳುವವರು.