ಜಾಮೀನು ಸಿಕ್ಕಿತು, ಬಿಡುಗಡೆ ಸಿಗಲಿಲ್ಲ

ಕಳೆದ ವರ್ಷ ಮೇ ತಿಂಗಳಲ್ಲಿ ಊರಿಗೆ ಹೋದಾಗ ಹಿಂದಿನ ಓಣಿಯ ಕಾಕಾ ಒಬ್ಬರು ನಮ್ಮ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಬೆಂಗಳೂರಿನಲ್ಲಿ ಟೈಲ್ಸ್ ಕೆಲಸಕ್ಕೆ ಹೋಗಿದ್ದ ಅವರ ಮಗನನ್ನು ಪಕ್ಕದ ಕಟ್ಟಡದ ತಾಮ್ರದ ವೈರು ಕದ್ದ ಆರೋಪದ ಮೇಲೆ ಪೊಲೀಸರು ಹಿಡಿದಿದ್ದರು. ಹತ್ತೊಂಬತ್ತನೇ ದಿನಕ್ಕೆ ಜಾಮೀನೂ ಆಗಿತ್ತು. ಐವತ್ತು ಸಾವಿರ ರೂಪಾಯಿ ಬಾಂಡ್, ಅಷ್ಟೇ ಮೊತ್ತಕ್ಕೆ ಆಸ್ತಿ ಇರುವ ಒಬ್ಬ ಜಾಮೀನುದಾರ. ಕಾಕಾ ಅವರಿಗೆ ಒಂದು ಗುಂಟೆ ಜಮೀನಿಲ್ಲ. ಅಪ್ಪನಿಗೆ ಹಾವೇರಿ ಸೀಮೆಯಲ್ಲಿ ಮೂರು ಎಕರೆ ಇದೆ. ಪಹಣಿ ಕೇಳಲು ಬಂದಿದ್ದರು.

ಅಪ್ಪ ನನ್ನ ಕಡೆ ನೋಡಿದ. ‘ನೀ ಕಾನೂನು ಓದಾಕತ್ತೀಯಲ್ಲ, ಹೇಳವ್ವ. ಕೊಟ್ರ ಏನಾಗತೈತಿ?’

ಹುಡುಗ ತಪ್ಪಿಸಿಕೊಂಡರೆ ಐವತ್ತು ಸಾವಿರ ನೀನೇ ಕಟ್ಟಬೇಕಾಗಬಹುದು, ಕೇಸು ಮುಗಿಯುವವರೆಗೆ ಈ ಬಾಂಡ್ ನಿನ್ನ ಬೆನ್ನಿಗಿರುತ್ತದೆ ಎಂದೆ. ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ನಾಳೆ ಸೊಸೈಟಿ ಸಾಲಕ್ಕೆ ತೊಂದರೆಯಾದರೆ ಎಂದು ಅಪ್ಪ ತಾನೇ ಸೇರಿಸಿಕೊಂಡ. ಕಾಕಾ ಚಹಾ ಕುಡಿಯದೆ ಎದ್ದು ಹೋದರು.

ಹುಬ್ಬಳ್ಳಿಗೆ ವಾಪಸು ಬಂದು ಎರಡು ವಾರಕ್ಕೆ ಕ್ಲಾಸಿನಲ್ಲಿ ಮೋತಿರಾಮ್ ಪ್ರಕರಣ ಬಂತು. 1978ರ ತೀರ್ಪು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಜಾಮೀನುದಾರನನ್ನು ಕೇಳಿದರು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆ ಸಹೋದರನ ಜಾಮೀನನ್ನೂ ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ, ಒಂದು ಸಾವಿರ ರೂಪಾಯಿಯ ಸ್ವಂತ ಬಾಂಡ್ ಮೇಲೆ ಅವನನ್ನು ಬಿಡುವಂತೆ ಹೇಳಿದರು. ಮೇಷ್ಟ್ರು ಇದನ್ನು ಇತಿಹಾಸದಂತೆ ಪಾಠ ಮಾಡುತ್ತಿದ್ದರು. ನನಗೆ ನಮ್ಮ ಪಡಸಾಲೆ ಕಾಣುತ್ತಿತ್ತು. ಗಾರೆ ಹೋಗಿ ಟೈಲ್ಸ್ ಆಗಿದೆ, ಹತ್ತು ಹೋಗಿ ಐವತ್ತು ಸಾವಿರ ಆಗಿದೆ, ಅಷ್ಟೆ.

2022ರ ಕೊನೆಯ ಲೆಕ್ಕದ ಪ್ರಕಾರ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತೇ ಆಗಿರಲಿಲ್ಲ. ಆ ವರ್ಷ ಸಂವಿಧಾನ ದಿನದಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು, ಜೈಲುಗಳನ್ನು ಹೆಚ್ಚಿಸುತ್ತಾ ಹೋಗುವುದು ಎಂಥ ಅಭಿವೃದ್ಧಿ ಎಂದು ನ್ಯಾಯಮೂರ್ತಿಗಳ ಎದುರೇ ಕೇಳಿದ್ದರು. ಅದರ ಬೆನ್ನಿಗೇ, 2023ರ ಜನವರಿ 31ರಂದು, ಸುಪ್ರೀಂ ಕೋರ್ಟ್ ಒಂದಿಷ್ಟು ಸೂಚನೆಗಳನ್ನು ಕೊಟ್ಟಿತು. ಜಾಮೀನಿನ ಆದೇಶ ಅದೇ ದಿನ ಅಥವಾ ಮರುದಿನ ಜೈಲಿಗೆ ಇ-ಮೇಲ್ ಆಗಬೇಕು. ಏಳು ದಿನವಾದರೂ ಕೈದಿ ಹೊರಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳೊಳಗೆ ಜಾಮೀನುದಾರ ಸಿಗದಿದ್ದರೆ ಕೋರ್ಟೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕು ಎಂಬ ಹಟದಿಂದ ಬಿಡುಗಡೆ ತಡವಾಗುತ್ತಿದೆ ಎಂದೂ ಅದರಲ್ಲಿದೆ.

ಇದನ್ನೆಲ್ಲ ಪ್ರಿಂಟ್ ತೆಗೆದು ಕಾಕಾನ ಕೈಯಲ್ಲಿ ವಕೀಲರಿಗೆ ಕಳಿಸಿದೆ. ಅರ್ಜಿ ಹಾಕೋಣ, ಆದರೆ ಬೆಂಗಳೂರಿನವರೇ ಒಬ್ಬರು ಸಿಕ್ಕರೆ ಬೇಗ ಆಗುತ್ತದೆ ಎಂದರಂತೆ. ಹಾಗೆ ‘ಸಿಗುವವರು’ ಕೋರ್ಟಿನ ಹೊರಗೆ ಚಹಾದಂಗಡಿಯ ಹತ್ತಿರ ನಿಂತಿರುತ್ತಾರೆ. ರೇಟು ಕೇಳಿ ಕಾಕಾ ವಾಪಸು ಬಂದರು.

ಮ್ಯಾಜಿಸ್ಟ್ರೇಟರೆಲ್ಲ ಕಲ್ಲುಮನಸ್ಸಿನವರು ಎಂದು ನಾನು ಹೇಳುತ್ತಿಲ್ಲ. ಆರೋಪಿ ನಾಪತ್ತೆಯಾದರೆ ಕೇಸು ವರ್ಷಗಟ್ಟಲೆ ಕೊಳೆಯುತ್ತದೆ. ವೈರು ಕಳೆದುಕೊಂಡವನಿಗೂ ನ್ಯಾಯ ಬೇಕು. ಆದರೆ ಆರೋಪಿಯನ್ನು ಕಂಡೇ ಇಲ್ಲದ, ದುಡ್ಡಿಗೆ ಸಹಿ ಹಾಕುವ ಬಾಡಿಗೆ ಜಾಮೀನುದಾರ ಅವನನ್ನು ಯಾವ ಹಗ್ಗದಲ್ಲಿ ಕಟ್ಟಿಹಾಕುತ್ತಾನೆ? ಊರಲ್ಲಿರುವ ಅವ್ವ, ಅಪ್ಪ, ತಂಗಿಯ ಮದುವೆ, ಇವು ನಿಜವಾದ ಹಗ್ಗ. ನಮ್ಮ ಪದ್ಧತಿ ಅವನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಬಗ್ಗೆ ನಾವು ಗೆಳತಿಯರು ಬಹಳ ಜಗಳವಾಡಿದ್ದೇವೆ. ಮೊದಲ ಸಲ ಸಿಕ್ಕಿಬಿದ್ದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣೆಯ ಹಂತದಲ್ಲೇ ಜೈಲಿನಲ್ಲಿ ಕಳೆದಿದ್ದರೆ ಅವನನ್ನು ಬಿಡಬೇಕು ಎನ್ನುತ್ತದೆ ಅದು. ಹಳೆಯ ಕಾನೂನಿನಲ್ಲಿ ಅರ್ಧ ಅವಧಿ ಇತ್ತು. ಹಳೆಯ ಕೇಸುಗಳಿಗೂ ಇದು ಅನ್ವಯ ಎಂದು ಅದೇ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯದೇ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಹೊರಗಿಟ್ಟಿದ್ದೂ ಅರ್ಥವಾಗುತ್ತದೆ. ಆದರೆ ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಕೇಸು ಬಾಕಿ ಇದ್ದವರಿಗೂ ಇದರ ಲಾಭ ಇಲ್ಲ. ಒಂದೇ ಎಫ್‌ಐಆರ್‌ನಲ್ಲಿ ಎರಡು ಮೂರು ಕಲಂ ಜೋಡಿಸುವುದು ಅಪರೂಪವೇನಲ್ಲ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದುಕೊಳ್ಳುವುದು ಇಲ್ಲೇ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಮೂರನೇ ಒಂದು ಭಾಗ ಕಳೆದವನನ್ನು ‘ಬಾಂಡ್’ ಮೇಲೆ ಬಿಡಿ ಎನ್ನುವ ಈ ಸಂಹಿತೆಯಲ್ಲಿ ಬಾಂಡ್ ಎಂದರೆ ಜಾಮೀನುದಾರನಿಲ್ಲದ ಸ್ವಂತ ಮುಚ್ಚಳಿಕೆ. ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ ಎಂದಿಟ್ಟುಕೊಳ್ಳಿ. ಒಂದು ವರ್ಷ ಕೊಳೆತ ಮೇಲೆ ಆ ಹುಡುಗನ ಮಾತನ್ನೇ ಕಾನೂನು ನಂಬುತ್ತದೆ. ಹತ್ತೊಂಬತ್ತನೇ ದಿನ ಅದೇ ಹುಡುಗನಿಗೆ ನಮ್ಮಪ್ಪನ ಪಹಣಿ ಬೇಕು. ವರ್ಷದಲ್ಲಿ ಅವನ ನಂಬಿಕೆ ಹೆಚ್ಚಿದ್ದು ಹೇಗೆ?

ಬಡ ಕೈದಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಘೋಷಿಸಿದ ನೆರವು ಯೋಜನೆಯೂ ಇದೆ, ಅದರ 2023ರ ನಿಯಮದಲ್ಲಿ ವಿಚಾರಣಾಧೀನರಿಗೆ ನಲವತ್ತು ಸಾವಿರದವರೆಗೆ ಇತ್ತು. ದುಡ್ಡಿನ ಕೊರತೆಗೆ ಅದು ಔಷಧ. ನಮ್ಮ ಕಾಕಾನ ಮಗನಿಗೆ ಕೊರತೆಯಾದದ್ದು ಹೊಲ ಇರುವ ಒಬ್ಬ ಮನುಷ್ಯ.

ಜುಲೈ ಮೊದಲ ವಾರ ನಾನೇ ಅಪ್ಪನಿಗೆ ಫೋನ್ ಮಾಡಿದೆ. ಮೊದಲು ಹೇಳಿದ್ದನ್ನು ತಿರುಗಿಸಿ ಹೇಳುವುದು ಸುಲಭ ಇರಲಿಲ್ಲ. ಅಪ್ಪ ಸುಮ್ಮನೆ ಕೇಳಿಸಿಕೊಂಡು, ‘ಬಿತ್ತಿಗಿ ಮುಗೀಲಿ’ ಎಂದ. ಆಮೇಲೆ ರಾತ್ರಿ ಬಸ್ಸಿಗೆ ಕಾಕಾನ ಜೊತೆ ಬೆಂಗಳೂರಿಗೆ ಹೋದ. ಮೊದಲ ದಿನ ಕೆಲಸ ಆಗಲಿಲ್ಲ. ಪಹಣಿಯಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ. ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ಮಾಡಿಸಿ ಎರಡನೇ ದಿನ ಸಹಿ ಹಾಕಿದ. ಜಾಮೀನಾದ ಮೇಲೂ ಹುಡುಗ ಒಳಗಿದ್ದದ್ದು ಅರವತ್ತೆಂಟು ದಿನ. ಅದರಲ್ಲಿ ಎಷ್ಟು ದಿನ ನನ್ನ ಲೆಕ್ಕಕ್ಕೆ ಬರುತ್ತವೆ ಎಂದು ನನಗೆ ಗೊತ್ತು.

ಕೇಸು ಇನ್ನೂ ನಡೆದಿದೆ. ಹುಡುಗ ಈಗ ಊರಲ್ಲೇ ಮಾವನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಪ್ರತಿ ತಾರೀಖಿನ ಹಿಂದಿನ ದಿನ ಸಂಜೆ ಅಪ್ಪ ಅವರ ಮನೆ ಮುಂದೆ ಹಾದು ಬರುತ್ತಾನೆ. ‘ಬಸ್ಸಿಗೆ ಹೊಂಟೇನಪಾ?’ ಎಂದು ಕೇಳುತ್ತಾನಂತೆ. ಇದುವರೆಗೆ ಒಂದು ತಾರೀಖನ್ನೂ ಅವನು ತಪ್ಪಿಸಿಲ್ಲ.