ನೆತ್ತಿ ಬೇರೆ, ಕೂದಲು ಬೇರೆ

ಹೆಗಲ ಮೇಲೆ ಬಿಳಿಯ ಪುಡಿ ಕಂಡೊಡನೆ ನಮ್ಮ ಮನೆಗಳಲ್ಲಿ ಹೊರಡುವ ತೀರ್ಪು ಒಂದೇ: ‘ತಲೆಗೆ ಎಣ್ಣೆ ಸಾಲದು.’ ಊರು ಬಿಟ್ಟು ದೆಹಲಿಗೆ ಬಂದರೂ ಈ ನಂಬಿಕೆಯನ್ನು ನಾವು ಬಿಟ್ಟುಬಂದಿಲ್ಲ. ಚಳಿಗಾಲದ ಭಾನುವಾರಗಳಂದು ಹರೆಯದ ಮಕ್ಕಳನ್ನು ಬಿಸಿಲಿಗೆ ಕೂರಿಸಿ ಕೊಬ್ಬರಿ ಎಣ್ಣೆ ತಟ್ಟುತ್ತೇವೆ. ಹೊಟ್ಟು ಹೋಗದಿದ್ದರೆ ಅವರ ಕೊಳಕುತನವನ್ನು ದೂರುತ್ತೇವೆ.

ವಿಜ್ಞಾನ ಹೇಳುವುದು ಬೇರೆ. ತಲೆಹೊಟ್ಟಿನೊಡನೆ ನಂಟುಳ್ಳ ಮಲಸೇಜಿಯಾ ಎಂಬ ಶಿಲೀಂಧ್ರ ಬಹುತೇಕ ಎಲ್ಲರ ನೆತ್ತಿಯಲ್ಲೂ ವಾಸಿಸುತ್ತದೆ. 2007ರಲ್ಲಿ ಅದರ ಒಂದು ಪ್ರಭೇದದ ಜೀನೋಮ್ ಪ್ರಕಟವಾದಾಗ, ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲವೆಂದು ತಿಳಿಯಿತು. ಆದ್ದರಿಂದ ಅದು ನಮ್ಮ ಚರ್ಮದ ಜಿಡ್ಡನ್ನೇ ಒಡೆದು ಉಣ್ಣುತ್ತದೆ. ಉಳಿದ ಓಲಿಯಿಕ್ ಆಮ್ಲ ಕೆಲವರ ನೆತ್ತಿಯನ್ನು ಕೆರಳಿಸಿ ಹೊಟ್ಟೇಳಿಸುತ್ತದೆ. ಜಿಡ್ಡು ಹೆಚ್ಚುವುದೇ ಹರೆಯದಲ್ಲಿ. ಮಕ್ಕಳ ತಪ್ಪೇನು?

ಹಾಗೆಂದು ಎಣ್ಣೆ ವ್ಯರ್ಥವೆಂದಲ್ಲ. ಮುಂಬೈಯ ಕೇಶತೈಲ ಸಂಸ್ಥೆಯೊಂದರ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ; ಸೂರ್ಯಕಾಂತಿ ಎಣ್ಣೆಯಲ್ಲಿ ಆ ಪರಿಣಾಮ ಕಾಣಲಿಲ್ಲ. ಎಣ್ಣೆ ಮಾರುವವರೇ ನಡೆಸಿದ ಪರೀಕ್ಷೆಯೆಂಬ ಎಚ್ಚರ ನಮಗಿರಲಿ. ಅದೂ ಹೇಳಿದ್ದು ಕೂದಲಿನ ಮಾತನ್ನು. ನೆತ್ತಿಯ ಹೊಟ್ಟಿನ ಮಾತನ್ನಲ್ಲ.

ಅಭ್ಯಂಜನವನ್ನು ನಾವು ಬಿಡಬೇಕಿಲ್ಲ. ಆದರೆ ಪ್ರೀತಿಯನ್ನು ಔಷಧವೆಂದು ಭ್ರಮಿಸಬಾರದು. ಹೊಟ್ಟಿಗೆ ಕೀಟೊಕೊನಜೋಲ್‌ನಂಥ ಶಿಲೀಂಧ್ರನಿರೋಧಕ ಶಾಂಪೂಗಳಿವೆ. ನೊರೆಯನ್ನು ಮೂರರಿಂದ ಐದು ನಿಮಿಷ ನೆತ್ತಿಯಲ್ಲಿ ಬಿಟ್ಟು ತೊಳೆಯಬೇಕು. ಎಣ್ಣೆಯ ಬಟ್ಟಲಿನೊಡನೆ ಮಕ್ಕಳಿಗೆ ದಾಟಿಸುತ್ತಿರುವ ನಾಚಿಕೆಯನ್ನಾದರೂ ನಾವು ಇನ್ನು ನಿಲ್ಲಿಸೋಣ.